ಬೆರಕಿ ದ್ರಾಕ್ಷಿಯ ದರ

ಮಾರ್ಚ್ ಹದಿನಾರು, ಒಣಬಿಸಿಲು. ಸಂಜೆ ಸುರಪುರದಲ್ಲಿ ನಮ್ಮ ಸಾಹೇಬರ ಬೀಳ್ಕೊಡುಗೆ. ಅವರು ಬಾಯಿಬಿಟ್ಟು ಕೇಳಿದ್ದು ಒಂದೇ, ಬೆಟ್ಟದಲ್ಲಿ ಬೆಳೆದ ದ್ರಾಕ್ಷಿಯ ಕೆಂಪು ವೈನು. ಶಹಾಪುರದ ಅಂಗಡಿಯಲ್ಲಿ ಒಂದೇ ಬಾಟಲಿ ಉಳಿದಿತ್ತು, ಸುರಪುರದ ಬಸ್ಸು ಹೊರಡುವುದರಲ್ಲಿತ್ತು. ಅಂಗಡಿಯವರೆಗೆ ಜೊತೆಗೆ ಬಂದಿದ್ದ ಹತ್ತಿ ದಲ್ಲಾಳಿ ಶಿವಣ್ಣ, ಎಂದೂ ಕುಡಿಯದ ವಿಭೂತಿಧಾರಿ, ಬಾಟಲಿಯ ಮೇಲೇನು ಬರೆದಿದೆ ಎಂದು ಕೇಳಿದರು.

“ಕ್ಯಾಬರ್ನೆ, ಶಿರಾಜ್, ಮರ್ಲೊ. ಮೂರು ತಳಿ ದ್ರಾಕ್ಷಿ ಕೂಡಿಸಿ ಮಾಡಿದ್ದು” ಎಂದೆ.

“ಬೆರಕಿ ಮಾಲಿಗೆ ಪೂರಾ ರೇಟೇನು? ಎರಡು ತಳಿ ಹತ್ತಿ ಕೂಡಿದ್ರ ನಾವು ದರ ಮುರೀತೀವಿ!”

“ಸಾವ್ಕಾರ್ರ, ಇದು ಹತ್ತಿ ಅಲ್ರಿ. ಕೂಡಿಸಿದ್ರನ ರುಚಿ ಬರ್ತದ” ಎಂದ ಅಂಗಡಿಯವ.

“ಹತ್ತಿ ತಂದವ್ರೂ ಹಿಂಗs ಹೇಳ್ತಾರ. ಕೈ ಕೊಡು ಇಲ್ಲಿ.”

ಶಿವಣ್ಣ ಹೆಗಲ ಟವೆಲನ್ನು ಅವನ ಕೈಮೇಲೆ ಹೊದಿಸಿ, ಹತ್ತಿ ಪೇಟೆಯ ರೀತಿಯಲ್ಲಿ ಅದರಡಿ ಬೆರಳು ಹಿಡಿದು ಗುಟ್ಟಾಗಿ ದರ ಕುದುರಿಸತೊಡಗಿದರು. ಹೊರಗೆ ಬಸ್ಸು ಹಾರ್ನ್ ಹೊಡೆಯಿತು. ಕೊನೆಗೆ ಅಂಗಡಿಯವ ಸೋತು ತಲೆಯಾಡಿಸಿದ. ನೂರು ರೂಪಾಯಿ ಇಳಿದಿತ್ತು.

ಓಡಿಹೋಗಿ ಬಸ್ಸು ಹತ್ತಿ, ಕಿಟಕಿಯಿಂದ ಕೈಮುಗಿದೆ. ಕೆಳಗೆ ನಿಂತ ಶಿವಣ್ಣ ಕೈಚಾಚಿದರು.

“ದಲಾಲಿ ನೂರು ರೂಪಾಯಿ ಆಗ್ತದ್ರಿ, ಸರ್.”

ಸಂಜೆ ಬಾಟಲಿ ಕೈಗಿತ್ತಾಗ, ಎಷ್ಟಕ್ಕೆ ಸಿಕ್ಕಿತೆಂದು ಸಾಹೇಬರು ಕೇಳಿದರು. ಬಾಟಲಿಯ ಮೇಲೆ ಅಚ್ಚಾದ ಬೆಲೆಗೇ ಎಂದೆ.