ಎರಡನೇ ಚಿಟಿಕೆ ಉಪ್ಪು

ಆ ಕಟ್ಟಿನ ಸಾರಿಗೆ ಉಪ್ಪು ಸರಿಯಾಗಿತ್ತು. ಸರಿಯಾಗಿದೆ ಎಂದು ನನ್ನ ನಾಲಿಗೆಗೆ ಚೆನ್ನಾಗಿಯೇ ಗೊತ್ತಿತ್ತು. ಆದರೂ ಕಮ್ಮಿಯಾಗಿದೆ ಎಂದೆ — ಒಂದು ಸಲವಲ್ಲ, ಎರಡು ಸಲ. ನನ್ನ ಮಾತು ನಂಬಿ ಸೊರಬ ತಾಲ್ಲೂಕು ಕುಪ್ಪಗಡ್ಡೆಯ ನೀಲಮ್ಮ ತಮ್ಮ ಕೈಯಾರೆ ಸಾರು ಕೆಡಿಸಿಕೊಂಡರು; ಟಿ.ವಿ.ಯ ಅಡುಗೆ ಸ್ಪರ್ಧೆಯಿಂದ ಹೊರಬಿದ್ದರು. ಅದನ್ನು ನೀವೂ ನೋಡಿರಬಹುದು. ತೀರ್ಪುಗಾರರು ಸಾರನ್ನು ಬಾಯಿಗಿಟ್ಟು ಮುಖ ಕಿವುಚಿದ್ದನ್ನು ಮೂರು ಸಲ ತಿರುಗಿಸಿ ತೋರಿಸಿದೆವು, ಜೊತೆಗೆ ಪಾತ್ರೆ ಬಿದ್ದ ಸದ್ದು ಬೇರೆ ಸೇರಿಸಿ. ನೋಡಿ ನಕ್ಕಿರಲೂಬಹುದು. ನಕ್ಕಿದ್ದರೆ ತಪ್ಪು ನಿಮ್ಮದಲ್ಲ.

ಒಂಬತ್ತು ವರ್ಷ ಇದನ್ನು ಯಾರಿಗೂ ಹೇಳಲಿಲ್ಲ. ಹೇಳಬೇಕು ಅನ್ನಿಸಿದಾಗಲೆಲ್ಲ ಒಂದು ನೆಪ ಸಿಗುತ್ತಿತ್ತು. ಯಾರೋ ಹೇಳಿದರು, ನಾನು ಮಾಡಿದೆ — ನನ್ನ ಕೈಯಲ್ಲಿ ಏನಿತ್ತು? — ಹೀಗೆ. ಆ ನೆಪ ಎಷ್ಟು ಸುಳ್ಳು ಎನ್ನುವುದನ್ನೂ ಇಲ್ಲೇ ಹೇಳಬೇಕಾಗಿದೆ. ಅದೇ ಕಷ್ಟ.

ನಾನು ಶಿಕಾರಿಪುರದವಳು. ಗೃಹವಿಜ್ಞಾನ ಓದಿ ಬೆಂಗಳೂರಿಗೆ ಹೋಗಿ, ಆ ಕಾರ್ಯಕ್ರಮದಲ್ಲಿ ಅಡುಗೆಮನೆಯ ಉಸ್ತುವಾರಿಗೆ ಸೇರಿಕೊಂಡೆ. ತರಕಾರಿ ತರಿಸುವುದು, ಒಲೆ ನೋಡಿಕೊಳ್ಳುವುದು, ತೀರ್ಪುಗಾರರ ಮುಂದೆ ಹೋಗುವ ಮೊದಲು ಪ್ರತಿಯೊಬ್ಬರ ಅಡುಗೆಯನ್ನೂ ರುಚಿ ನೋಡುವುದು — ಇದು ನನ್ನ ಕೆಲಸ. ನಾಲಿಗೆಯಿಂದಲೇ ಸಂಬಳ ತೆಗೆದುಕೊಳ್ಳುತ್ತಿದ್ದವಳು ನಾನು.

ಆ ಸೆಟ್ಟಿನಲ್ಲಿ ನಿಜವಾದದ್ದು ಕಡಿಮೆ. ಅಡುಗೆಗೆ ಒಂದೇ ಗಂಟೆ ಹೊತ್ತು ಎಂದು ಗೋಡೆಯ ಗಡಿಯಾರ ತೋರಿಸುತ್ತಿತ್ತು. ದೀಪ ಸರಿಪಡಿಸಿ, ಮುಖದ ಬೆವರೊರೆಸಿ ಪೌಡರ್ ಹಚ್ಚಿ ಮುಗಿಸುವ ಹೊತ್ತಿಗೆ ಆ ಒಂದು ಗಂಟೆ ಮೂರಾಗುತ್ತಿತ್ತು. ಆರಿಹೋದ ಪಲ್ಯದ ಹಿಂದೆ ಬಿಸಿನೀರಿನ ಬಟ್ಟಲಿಟ್ಟು ಹಬೆ ಎಬ್ಬಿಸುತ್ತಿದ್ದವಳು ನಾನೇ. ಚಪ್ಪಾಳೆಯನ್ನು ಬೆಳಿಗ್ಗೆಯೇ ಹೊಡೆಸಿ ಇಟ್ಟುಕೊಳ್ಳುತ್ತಿದ್ದೆವು. ಎರಡು ದಿನದ ಚಿತ್ರೀಕರಣ ಒಂದೇ ದಿನದ್ದೆಂದು ಕಾಣಲಿ ಎಂದು, ಸ್ಪರ್ಧೆಗೆ ಬಂದ ಹೆಂಗಸರು ನಿನ್ನೆ ಬೆವರಿದ ಸೀರೆಯನ್ನೇ ಇವತ್ತೂ ಉಟ್ಟು ಬರಬೇಕಿತ್ತು. ಇದಕ್ಕೆಲ್ಲ ನನಗೆ ಈಗಲೂ ಅಷ್ಟೇನೂ ಸಂಕಟವಿಲ್ಲ. ನಾಟಕ ಎಂದಮೇಲೆ ಬಣ್ಣ ಇದ್ದದ್ದೇ.

ಆದರೆ ಒಂದು ವಿಷಯದಲ್ಲಿ ನಮಗೆ ಬಹಳ ಹೆಮ್ಮೆ. ಅಂಕ ತಿದ್ದುತ್ತಿರಲಿಲ್ಲ. ನಮ್ಮ ನಿರ್ದೇಶಕರು ಇದನ್ನು ಎದೆ ತಟ್ಟಿಕೊಂಡು ಹೇಳುತ್ತಿದ್ದರು: “ಏನಾದ್ರೂ ಮಾಡಿ, ಅಂಕಕ್ಕೆ ಮಾತ್ರ ಕೈ ಹಾಕಲ್ಲ ನಾವು. ತೀರ್ಪುಗಾರರ ಬಾಯಿಗೆ ಏನು ಸಿಕ್ತೋ ಅದನ್ನೇ ಅವರು ಹೇಳೋದು.” ನಿಜವೇ. ತೀರ್ಪುಗಾರರು ಪ್ರಾಮಾಣಿಕರು. ಹಾಗಾಗಿ ಯಾರನ್ನಾದರೂ ಹೊರಗೆ ಕಳಿಸಬೇಕಾದರೆ ತಪ್ಪು ಕಾಗದದ ಮೇಲೆ ಆಗುವಂತಿರಲಿಲ್ಲ, ಪಾತ್ರೆಯೊಳಗೇ ಆಗಬೇಕಿತ್ತು. ಅಷ್ಟು ನಿಯತ್ತಿನವರು ನಾವು!

ನೀಲಮ್ಮನವರನ್ನು ಹುಡುಕಿ ತಂದವಳು ನಾನು. “ನಿಮ್ಮ ಕಡೆಯ ಹಳ್ಳಿ ಅಡುಗೆಯವರು ಬೇಕು” ಎಂದು ಕಳಿಸಿದ್ದರು. ಸೊರಬದಲ್ಲಿ ಯಾರನ್ನು ಕೇಳಿದರೂ ಅವರ ಹೆಸರನ್ನೇ ಹೇಳಿದರು. ಮದುವೆ, ಗೃಹಪ್ರವೇಶ, ತೀರಿಕೊಂಡವರ ಗಣಾರಾಧನೆ — ಐನೂರು ಜನದ ಅಡುಗೆಗೂ ಅವರು ಸೌಟಿನಿಂದ ಒಂದು ಹನಿ ಬಾಯಿಗೆ ಹಾಕಿಕೊಂಡು ನೋಡಿದವರಲ್ಲವಂತೆ. ಉಪ್ಪನ್ನು ಅಂಗೈಯಲ್ಲಿ ಹಿಡಿದು, ಒಂದು ಗಳಿಗೆ ತೂಗಿ, ಹಾಕಿ, ಕೈ ಕೊಡವಿಬಿಡುವುದು. ಶ್ರಾವಣದ ಸೋಮವಾರಗಳಲ್ಲಿ ಊರ ಬಸವಣ್ಣನಿಗೆ ಎಡೆಯ ಅಡುಗೆ ಮಾಡುತ್ತಿದ್ದವರೂ ಅವರೇ. ದೇವರಿಗೆ ಎಡೆ ಹೋಗುವ ಮೊದಲು ರುಚಿ ನೋಡಿದರೆ ಅದು ಎಂಜಲು. ಹದಿನಾರನೇ ವಯಸ್ಸಿಗೆ ಅತ್ತೆಯಿಂದ ಕಲಿತ ಆ ಪದ್ಧತಿಯನ್ನು ಅವರು ಎಲ್ಲ ಅಡುಗೆಗೂ ಹಿಡಿದುಕೊಂಡಿದ್ದರು. “ಉಣ್ಣೋರು ಉಂಡೆದ್ದ ಮ್ಯಾಲೇ ತಂಗಿ ನನ್ನ ಬಾಯಿಗೆ” ಎನ್ನುತ್ತಿದ್ದರು. ಟಿ.ವಿ.ಗೆ ಬರಲು ಅವರಿಗೆ ಇಷ್ಟವಿರಲಿಲ್ಲ. ಅರ್ಧ ದಿನ ಅವರ ಜಗುಲಿಯ ಮೇಲೆ ಕೂತು, ಊರಿಗೆ ಹೆಸರು ಬರುತ್ತದೆ ಅಕ್ಕಾ, ನಾನಿರುತ್ತೇನಲ್ಲ ಅಕ್ಕಾ, ಎಂದು ಪುಸಲಾಯಿಸಿದೆ. ನಾನಿರುತ್ತೇನಲ್ಲ — ಈ ಮಾತನ್ನು ನಾನು ಎಷ್ಟು ಸುಲಭವಾಗಿ…

ಬಂದರು. ಬಂದು ಗೆದ್ದರು, ವಾರದ ಮೇಲೆ ವಾರ. ಆದರೆ ಕ್ಯಾಮೆರಾಕ್ಕೆ ಅವರು ಒಗ್ಗಲಿಲ್ಲ. ಚಮಚ ತುಟಿಗಿಟ್ಟು, ಕಣ್ಣು ಮುಚ್ಚಿ, ಆಹಾ ಎನ್ನಿ ಎಂದರೆ ಒಲ್ಲೆ ಎಂದರು. ತೀರಿಹೋದ ಗಂಡನ ಬಗ್ಗೆ ಕೇಳಿ ಅಳಿಸಲು ನೋಡಿದರೆ, “ಹೋದ್ರು. ಏನು ಮಾಡದು” ಎಂದು ಹೇಳಿ ಈರುಳ್ಳಿ ಹೆಚ್ಚತೊಡಗಿದರು. ಈರುಳ್ಳಿಗೂ ಅವರ ಕಣ್ಣಲ್ಲಿ ನೀರು ಬರಲಿಲ್ಲ. ನಿರ್ದೇಶಕರು ತಲೆ ಚಚ್ಚಿಕೊಂಡರು.

ಇನ್ನೊಂದು ಸಣ್ಣ ತೊಂದರೆಯಿತ್ತು. ಅವರ ಕೈಗೆ ಅಭ್ಯಾಸವಿದ್ದದ್ದು ಹರಳು ಉಪ್ಪು. ಸೆಟ್ಟಿನಲ್ಲಿ ಇದ್ದದ್ದು ಪುಡಿ ಉಪ್ಪು. ಅಂಗೈಯಲ್ಲಿ ಅಷ್ಟೇ ಹಿಡಿದರೂ ತೂಕ ಬೇರೆ. ಮೊದಲ ವಾರವೇ ಅದು ಅವರಿಗೆ ತಿಳಿಯಿತು. “ಇದು ಕೈಗೆ ಮಾತಾಡಲ್ಲ ತಂಗಿ” ಎಂದರು. ಒಂದು ಪೊಟ್ಟಣ ಹರಳು ಉಪ್ಪು ತರಿಸುವುದು ನನಗೆ ದೊಡ್ಡ ಕೆಲಸವಲ್ಲ; ಮರೆತೆ, ಆಮೇಲೆ ಉದಾಸೀನ ಮಾಡಿದೆ. ಅವರೇ ಒಂದು ದಾರಿ ಮಾಡಿಕೊಂಡರು. ಅಡುಗೆಯಾದ ಮೇಲೆ ವೀಳ್ಯದೆಲೆಯ ಮೇಲೆ ಬಸವಣ್ಣನ ಹೆಸರಿಗೆ ಒಂದಿಷ್ಟು ಮೀಸಲು ತೆಗೆದಿಟ್ಟು, ಆಮೇಲೆ ನನ್ನ ಅಂಗೈಗೆ ಒಂದು ಹನಿ ಹಾಕುವರು. ನಾನು ನೋಡಿ ಹೇಳಬೇಕು. ಸರಿ ಇದೆ ಎಂದರೆ ಇಳಿಸುವರು. ತಮ್ಮ ನಾಲಿಗೆಯ ಜಾಗದಲ್ಲಿ ನನ್ನ ನಾಲಿಗೆಯನ್ನು ಇಟ್ಟುಕೊಂಡಿದ್ದರು — ಇದಕ್ಕಿಂತ ಹೆಚ್ಚು ಒಬ್ಬರು ಇನ್ನೊಬ್ಬರನ್ನು ನಂಬುವುದು ಹೇಗೆಂದು ನನಗೆ ಗೊತ್ತಿಲ್ಲ.

ಅಂತಿಮ ಸುತ್ತಿಗೆ ಮುಂಚಿನ ವಾರ ನಿರ್ದೇಶಕರು ನನ್ನನ್ನು ಪಕ್ಕಕ್ಕೆ ಕರೆದರು. “ಆ ಅಮ್ಮ ಈ ವಾರ ಹೋಗ್ಬೇಕು. ಫೈನಲ್‌ನಲ್ಲಿ ಅವರನ್ನ ಯಾರು ನೋಡ್ತಾರೆ? ನಿಮ್ಮ ಮಾತು ಕೇಳ್ತಾರಲ್ಲ, ಉಪ್ಪೋ ಹುಳಿಯೋ — ಏನಾದ್ರೂ ನೋಡಿ” ಎಂದರು. ಅಷ್ಟೇ. ಬೆದರಿಸಲಿಲ್ಲ, ಕೆಲಸ ತೆಗೆಯುತ್ತೇನೆ ಎನ್ನಲಿಲ್ಲ. ಮುಂದಿನ ಕಾರ್ಯಕ್ರಮದಲ್ಲಿ ನನಗೆ ಮೇಲಿನ ಜಾಗ ಸಿಗುವ ಮಾತು ಆಗಲೇ ನಡೆದಿತ್ತು ಎನ್ನುವುದೂ ನಿಜ. ಆದರೆ ನಿಜವಾದ ನಿಜ ಬೇರೆ. ಅಂಥ ಗುಟ್ಟಿನ ಮಾತಿಗೆ ನನ್ನನ್ನು ಕರೆದರಲ್ಲ, ಅದು ನನಗೆ ಹಿತವಾಗಿತ್ತು. ಮುಂದೆ ಏನಾಗುತ್ತದೆಂದು ಗೊತ್ತಿರುವ ನಾಲ್ಕು ಜನರಲ್ಲಿ ನಾನೂ ಒಬ್ಬಳು ಎಂದು ಬೀಗಿದೆ. ಇದನ್ನು ಬರೆಯುವಾಗ ನನ್ನ ಬಗ್ಗೆ ನನಗೇ ಹೇಸಿಗೆಯಾಗುತ್ತಿದೆ.

ಆ ದಿನ ಹಬ್ಬದ ಅಡುಗೆ. ನೀಲಮ್ಮನವರದು ಹೋಳಿಗೆ, ಮತ್ತು ಹೋಳಿಗೆಗೆ ಬೇಯಿಸಿದ ಬೇಳೆಯ ಕಟ್ಟನ್ನು ಬಸಿದು ಪುಟ್ಟ ಪಾತ್ರೆಯಲ್ಲಿ ಮಾಡಿದ ಸಾರು. ಇಡೀ ಸೆಟ್ಟು ಘಮ್ಮೆನ್ನುತ್ತಿತ್ತು. ದೀಪ ಹಿಡಿಯುವವರು ಸಹ ತಿರುಗಿ ನೋಡಿದರು. ಮೀಸಲು ತೆಗೆದಿಟ್ಟರು. ನನ್ನ ಅಂಗೈಗೆ ಹಾಕಿದರು.

“ಉಪ್ಪು ಹೆಂಗೈತೆ ತಂಗಿ?”

“ಇನ್ನೊಂಚೂರು ಬೇಕು ಅಕ್ಕಾ.”

“ಹೌದಾ?” ಎಂದು ನನ್ನ ಮುಖ ನೋಡಿದರು. ಅನುಮಾನದ ನೋಟವಲ್ಲ ಅದು. ತಮ್ಮ ಕೈ ಹೇಳಿದ್ದಕ್ಕೂ ನಾನು ಹೇಳಿದ್ದಕ್ಕೂ ತಾಳೆಯಾಗದ ಗೊಂದಲ. ಆಮೇಲೆ ಸ್ವಲ್ಪವೇ ಹಾಕಿದರು, ಹೆದರಿ ಹೆದರಿ. ಮತ್ತೆ ನನ್ನ ಅಂಗೈಗೆ ಒಂದು ಹನಿ. ನೋಡಿದೆ. ಉಪ್ಪು ಒಂದು ಎಳೆ ಮುಂದಾಗಿತ್ತು, ಆದರೆ ಸಾರು ಕೆಟ್ಟಿರಲಿಲ್ಲ. ತೀರ್ಪುಗಾರರಿಗೆ ತಿಳಿಯುತ್ತಲೂ ಇರಲಿಲ್ಲವೇನೋ. ಅಲ್ಲಿಗೆ ನಿಲ್ಲಿಸಬಹುದಿತ್ತು. ನಿರ್ದೇಶಕರಿಗೆ, ‘ಪ್ರಯತ್ನಪಟ್ಟೆ, ಆಗಲಿಲ್ಲ’ ಎಂದು ಕಾಗೆ ಹಾರಿಸಬಹುದಿತ್ತು. ಯಾರೂ ನನ್ನನ್ನು ಏನೂ ಮಾಡುತ್ತಿರಲಿಲ್ಲ.

“ಈಗ?” ಎಂದರು.

“ಇನ್ನೊಂದು ಚಿಟಿಕೆ ಹಾಕ್ರೀ ಅಕ್ಕಾ.”

ಮೊದಲನೆಯದು ಹೇಳಿಸಿಕೊಂಡು ಆಡಿದ ಮಾತು ಎನ್ನಿ. ಎರಡನೆಯದು ನನ್ನದೇ. ಮಾಡಲು ಹೊರಟದ್ದನ್ನು ಅಚ್ಚುಕಟ್ಟಾಗಿ ಮುಗಿಸಬೇಕು ಎನ್ನುವ ಹಟ — ಅಥವಾ ಆ ಕೈ ಅಷ್ಟು ಸರಿಯಾಗಿರುವುದು ನನಗೆ ಒಳಗೊಳಗೇ ಸಹಿಸಲಾಗಲಿಲ್ಲವೋ — ಒಂಬತ್ತು ವರ್ಷದಿಂದ ಯೋಚಿಸುತ್ತಲೇ ಇದ್ದೇನೆ.

ಮುಂದಿನದನ್ನು ನೀವು ನೋಡಿದ್ದೀರಿ. ಅವರು ಕ್ಯಾಮೆರಾದ ಮುಂದೆ ನಿಂತು, “ನನ್ನ ಕೈ ತಪ್ಪಿತು” ಎಂದಷ್ಟೇ ಹೇಳಿದರು. ರುಚಿ ನೋಡಿದವಳು ನಾನೆಂದು ಬಾಯಿ ಬಿಡಲಿಲ್ಲ. ಬಸ್ಸು ಹತ್ತಿಸಲು ಹೋದಾಗ ನನ್ನ ಮುಖ ಬಾಡಿದ್ದನ್ನು ಕಂಡು ಅವರೇ ನನ್ನನ್ನು ಸಮಾಧಾನ ಮಾಡಿದರು. “ನೀನು ಬೇಜಾರ ಮಾಡ್ಕಬ್ಯಾಡ ತಂಗಿ. ನೀ ಚಿಟಿಕೆ ಅಂದಿ, ನನ್ನ ಕೈ ಎಷ್ಟು ಹಾಕ್ತೋ ಏನೋ. ವಯಸ್ಸಾತು.” ನಾನು ತಲೆದೂಗಿದೆ. ತಲೆದೂಗಿದೆ! ಅವರು ಹಾಕಿದ್ದು ಚಿಟಿಕೆಯೇ ಎಂದು ಕಣ್ಣಾರೆ ಕಂಡವಳು ನಾನು.

ಆ ಕೆಲಸವನ್ನು ನಾಲ್ಕು ವರ್ಷದ ಹಿಂದೆ ಬಿಟ್ಟು ಶಿಕಾರಿಪುರಕ್ಕೆ ವಾಪಸು ಬಂದೆ. ಮನಸ್ಸಾಕ್ಷಿ ಚುಚ್ಚಿ ಬಿಟ್ಟೆ ಎಂದುಕೊಳ್ಳಬೇಡಿ, ಕಾರ್ಯಕ್ರಮವೇ ನಿಂತುಹೋಯಿತು. ಹೋದ ವರ್ಷ ಇಲ್ಲೇ ಒಂದು ಗೃಹಪ್ರವೇಶಕ್ಕೆ ಹೋಗಿದ್ದೆ. ಹಿತ್ತಲಲ್ಲಿ ಅಡುಗೆಯವರ ನಡುವೆ, ಬದನೆಕಾಯಿ ಹೆಚ್ಚುತ್ತಾ ನೀಲಮ್ಮ ಕೂತಿದ್ದರು. ಮುಖ್ಯ ಅಡುಗೆಯವರಲ್ಲ, ಹೆಚ್ಚಿಕೊಡುವ ಆಳು. ಅವರಿಗೆ ನನ್ನನ್ನು ಕಂಡು ಖುಷಿಯೋ ಖುಷಿ. “ಇವಳೇ ನೋಡ್ರೇ, ನನ್ನ ಟಿ.ವಿ.ಗೆ ಕರ್ಕಂಡು ಹೋದ ತಂಗಿ” ಎಂದು ಎಲ್ಲರಿಗೂ ತೋರಿಸಿದರು.

ಕೈ ಕೆಲಸ ಮಾಡುತ್ತಲೇ ಕಥೆ ಹೇಳಿದರು. ಊರಿಗೆ ಬಂದಮೇಲೆ ಪಂಕ್ತಿಯಲ್ಲಿ ಕೂತವರು, “ಉಪ್ಪು ನೋಡ್ಕಂಡು ಹಾಕೀರೇನ್ರೀ ನೀಲಮ್ಮ?” ಎಂದು ಕಿಚಾಯಿಸುತ್ತಿದ್ದರಂತೆ. ತಮಾಷೆಗೇ. ಆದರೆ ಅವರಿಗೆ ತಮ್ಮ ಕೈಯ ಮೇಲೆ ಧೈರ್ಯ ಹೋಯಿತು. ಅಂಗೈಗೆ ತೆಗೆದುಕೊಂಡ ಉಪ್ಪನ್ನು ಮತ್ತೆ ಡಬ್ಬಿಗೇ ಸುರಿಯುವರು. ಒಂದು ಮದುವೆಯಲ್ಲಿ, ನಲವತ್ತು ವರ್ಷದಲ್ಲಿ ಮೊದಲ ಬಾರಿಗೆ, ಸೌಟಿನಿಂದ ಬಾಯಿಗೆ ಬಿಟ್ಟುಕೊಂಡು ನೋಡಿದರು. ಆಮೇಲೆ ನೋಡದೆ ಮಾಡಲು ಆಗಲೇ ಇಲ್ಲ; ಬರಬರುತ್ತಾ ದೊಡ್ಡ ಅಡುಗೆಯ ಹೊಣೆ ಹೊರುವುದನ್ನೂ ಬಿಟ್ಟರು. ರುಚಿ ನೋಡುವ ಕೈಯಿಂದ ಬಸವಣ್ಣನಿಗೆ ಎಡೆ ಮಾಡುವುದು ಹೇಗೆ? ಆ ಶ್ರಾವಣಕ್ಕೆ ಮೊದಲೇ ತಾವಾಗಿಯೇ ಗುಡಿಯ ಹಿರಿಯರ ಹತ್ತಿರ ಹೋಗಿ, ಇನ್ನು ನನ್ನಿಂದ ಆಗದು, ಬೇರೆಯವರನ್ನು ನೋಡಿಕೊಳ್ಳಿ ಎಂದು ಹೇಳಿ ಬಂದರಂತೆ. ಗುಡಿಯ ಅಡುಗೆಮನೆಗೆ ಆಮೇಲೆ ಕಾಲಿಟ್ಟಿಲ್ಲ. ಅವತ್ತೂ ನಾನು ಬಾಯಿ ಬಿಡಲಿಲ್ಲ. ಊಟ ಮಾಡಿ ಮನೆಗೆ ಬಂದೆ.

ಕಳೆದ ತಿಂಗಳು ಕೊನೆಗೂ ಕುಪ್ಪಗಡ್ಡೆಗೆ ಹೋದೆ. ಮಧ್ಯಾಹ್ನದ ಹೊತ್ತು, ಜಗುಲಿಯ ಮೇಲೆ ಮೊರದಲ್ಲಿ ಅಕ್ಕಿ ಹಸನು ಮಾಡುತ್ತಿದ್ದರು. ಕೂರುವ ಮೊದಲೇ ಎಲ್ಲ ಹೇಳಿಬಿಟ್ಟೆ. ನಿಮ್ಮ ಕೈ ತಪ್ಪಿರಲಿಲ್ಲ ಅಕ್ಕಾ, ಯಾವತ್ತೂ ತಪ್ಪಿರಲಿಲ್ಲ ಎಂದೆ. ಕೇಳಿ ಅವರಿಗೆ ಹಗುರವಾದೀತು ಎಂಬ ಆಸೆ ನನ್ನೊಳಗೆಲ್ಲೋ ಇತ್ತು — ನಾಚಿಕೆಗೆಟ್ಟ ಆಸೆ. ಅವರು ಮೊರ ಕೆಳಗಿಟ್ಟರು. ಒಂದೇ ಪ್ರಶ್ನೆ ಕೇಳಿದರು.

“ಎರಡನೇ ಸಲ ಹಾಕು ಅಂದ್ಯಲ್ಲ, ಅದನ್ನೂ ಅವರೇ ಹೇಳಿದ್ರಾ?”

“ಇಲ್ಲ ಅಕ್ಕಾ.”

ಅವರು ತಮ್ಮ ಬಲಗೈಯನ್ನೇ ನೋಡಿಕೊಂಡರು. ಮತ್ತೆ ಎಡೆ ಅಡುಗೆ ಮಾಡಬಹುದಲ್ಲ ಅಕ್ಕಾ, ನಾನೇ ಹಿರಿಯರಿಗೆ ಹೇಳುತ್ತೇನೆ ಎಂದು ತೊದಲಿದೆ. “ಒಂಬತ್ತು ವರ್ಷ ಬಾಯಾಗೆ ಹಾಕ್ಕಂಡು ಹಾಕ್ಕಂಡು ಮಾಡೀನಿ. ಕೈಗೆ ಅಳತೆ ಎಲ್ಲಿ ಉಳದೈತೆ ಈಗ?” ಎಂದರು. ದನಿ ಏರಿಸಲಿಲ್ಲ. ಆಮೇಲೆ, “ನನಗೆ ಹೇಳಿದ್ದಾತು. ನೋಡಿ ನಕ್ಕೋರಿಗೆ ಯಾರು ಹೇಳ್ತಾರೆ?” ಎಂದರು.

ಅದಕ್ಕೇ ಇದನ್ನು ಬರೆದದ್ದು. ಅವರ ಹೆಸರು, ಊರು ಮುಚ್ಚಿಟ್ಟು ಬರೆಯಲಾ ಎಂದು ಕೇಳಿದ್ದಕ್ಕೆ, “ಟಿ.ವಿ.ಯಲ್ಲಿ ಮುಚ್ಚಿದ್ರಾ? ಬರಿ” ಎಂದರು. ಬರೆದಿದ್ದೇನೆ. ಇದು ಅಚ್ಚಾದ ಮೇಲೆ ಒಂದು ಪ್ರತಿಯನ್ನು ಗುಡಿಯ ಹಿರಿಯರಿಗೆ ನಾನೇ ಒಯ್ದು ಕೊಡುತ್ತೇನೆ, ಕೂತು ಓದಿ ಹೇಳುತ್ತೇನೆ. ಅದರಿಂದ ಅವರ ಕೈ ವಾಪಸು ಬರುವುದಿಲ್ಲ, ಗೊತ್ತು.

ನೀಲಮ್ಮನವರ ಜಗುಲಿ ಹತ್ತಿದವರು ಯಾರೂ ಉಣ್ಣದೆ ಇಳಿದದ್ದಿಲ್ಲ. ಹಿಂದೆ ಅರ್ಧ ದಿನ ಕೂತಾಗ ನನಗೇ ಎರಡು ಸಲ ಬಡಿಸಿದ್ದರು. ಬಳೆ ಮಾರುವವರಿಗೆ, ಮೀಟರ್ ನೋಡಲು ಬಂದವರಿಗೆ, ಎಲ್ಲರಿಗೂ ಅಲ್ಲಿ ತಟ್ಟೆ ಇದ್ದೇ ಇತ್ತು. ಕಳೆದ ತಿಂಗಳು ಹೋದ ಅವತ್ತೂ ಒಳಗೆ ಒಲೆಯ ಮೇಲೆ ಏನೋ ಕುದಿಯುತ್ತಿತ್ತು, ಊಟದ ಹೊತ್ತು. ಅವರು ಮೊರವನ್ನು ಮತ್ತೆ ಮಡಿಲಿಗೆ ಎಳೆದುಕೊಂಡು, ನನ್ನ ಕಡೆ ನೋಡದೆ, “ಬಸ್ಸಿನ ಹೊತ್ತಾತು, ಹೊರಡು” ಎಂದರು. ಒಂದು ಲೋಟ ನೀರೂ ಕೊಡಲಿಲ್ಲ.