ಹದಿನೇಳನೇ ನಂಬರಿನ ಕಸಿ

ನಮ್ಮ ಶಾಲೆಯ ಕೃಷಿ ಮೇಷ್ಟ್ರದು ಒಂಟಿ ಜೀವ. ಮದುವೆಯ ಗೋಜಿಗೆ ಹೋದವರಲ್ಲ. ಸಲಿಕೆ, ಗುದ್ದಲಿ ಇಡುವ ಕೋಣೆಯ ಪಕ್ಕದಲ್ಲೇ ವಾಸ. ಒಂದು ತಟ್ಟೆ, ಒಂದು ಲೋಟ, ಒಂದು ಮಂಚ. ಶನಿವಾರ ಗೇಟು ಮುಚ್ಚಿದರೆ ಸೋಮವಾರದವರೆಗೆ ಅವರ ಬಾಯಿಗೆ ಕೆಲಸವಿರುತ್ತಿರಲಿಲ್ಲ. ನಾನು ಲೆಕ್ಕದ ಮೇಷ್ಟ್ರು, ಗಂಟೆ ಹೊಡೆದೊಡನೆ ಬಸ್ಸು ಹಿಡಿಯುವವನು; ಒಂದು ಭಾನುವಾರವೂ ಆ ಕಡೆ ತಲೆ ಹಾಕಲಿಲ್ಲ. ಈಗ ನೆನೆದರೆ ನಾಚಿಕೆಯಾಗುತ್ತದೆ.

ಅವರ ತರಗತಿಯಲ್ಲಿ ಎಲ್ಲ ಥರದ ಮಕ್ಕಳಿದ್ದರು. ಡಾಕ್ಟರ ಮಗ ಮಣ್ಣು ಮುಟ್ಟಲು ಕೈಗವಸು ತರುತ್ತಿದ್ದ. ಟೈಲರ ಮಗಳು ಅಳತೆ ಹಿಡಿದು ಬೀಜ ಊರುತ್ತಿದ್ದಳು. ಗಾರೆ ಕೆಲಸದವರ ಮಗಳೊಬ್ಬಳು ಮಾತ್ರ ತಮ್ಮನನ್ನು ಸೊಂಟದ ಮೇಲೆ ಹೊತ್ತು ಭಾನುವಾರವೂ ಗಿಡಗಳಿಗೆ ನೀರು ಹಾಕಲು ಬರುತ್ತಿದ್ದಳು. ಎದುರಿನ ಕಟ್ಟಡದಲ್ಲಿ ಅವಳಪ್ಪನ ಕೆಲಸ, ಅಲ್ಲೇ ಅವರ ಬಿಡಾರ. ಆ ವರ್ಷ ಸೋಮವಾರಗಳಲ್ಲಿ ಮೇಷ್ಟ್ರ ಮುಖದಲ್ಲಿ ಕಳೆಯಿತ್ತು.

ಮಾವಿನ ಕಸಿಯ ಪಾಠ ಬಂತು. ಬುಡದ ಗಿಡ ಸೀಳಿ, ಒಳ್ಳೆ ಜಾತಿಯ ಕುಡಿ ಸಿಕ್ಕಿಸಿ, ಟೇಪು ಸುತ್ತಿ, ಎಲ್ಲರೂ ತಂತಮ್ಮ ಹಾಜರಿ ನಂಬರಿನ ಚೀಟಿ ಕಟ್ಟಿದರು. ಕುಡಿ ಚಿಗುರುವ ಮೊದಲು ಟೇಪು ಬಿಚ್ಚಿದರೆ ಗಿಡ ಸತ್ತಂತೆಯೇ ಎಂದು ಮೇಷ್ಟ್ರು ಹತ್ತು ಸಲ ಹೇಳಿದ್ದರು. ಒಂಬತ್ತನೇ ದಿನ ಹದಿನೇಳನೇ ನಂಬರಿನ ಟೇಪು ಬಿಚ್ಚಿತ್ತು. ಗಾರೆಯವರ ಮಗಳದು.

ಮೇಷ್ಟ್ರಿಗೆ ಮೂಗಿನ ತುದಿಯಲ್ಲೇ ಕೋಪ. "ನೀನೂ ಹಿಂಗೇನಾ? ಇನ್ಮೇಲೆ ತೋಟದ ಕಡೆ ಬರ್ಬೇಡ," ಎಂದು ಎಲ್ಲರ ಮುಂದೆ ಅಂದುಬಿಟ್ಟರು. ಹುಡುಗಿ ನೀರಿನ ಡಬ್ಬಿ ಕೆಳಗಿಟ್ಟು ತೋಟದಿಂದ ಹೊರನಡೆದಳು.

ಮಾರನೆಯ ದಿನ ಅವಳ ಜಾಗ ಖಾಲಿ. ಕಟ್ಟಡ ಮುಗಿದಿತ್ತು, ಅವರು ಬಿಡಾರ ಎತ್ತಿದ್ದರು. ಚಿಗುರು ನೋಡಲು ತಾನಿರುವುದಿಲ್ಲ ಎಂದು ಅವಳಿಗೆ ಮೊದಲೇ ಗೊತ್ತಿತ್ತಂತೆ, ಅದಕ್ಕೇ ಒಮ್ಮೆ ಬಿಚ್ಚಿ ನೋಡಿಕೊಂಡಳಂತೆ. ಟೈಲರ ಮಗಳು ಹೇಳಿದ ಮಾತಿದು. ಅವರು ಯಾವ ಊರಿಗೆ ಹೋದರೆಂದು ಅವಳಿಗೂ ತಿಳಿದಿರಲಿಲ್ಲ.

ಮೇಷ್ಟ್ರು ಆ ಗಿಡಕ್ಕೆ ಹೊಸ ಟೇಪು ಸುತ್ತಿದರು. ಆಮೇಲೆ ಅವರಿಗೇನಾಯಿತೋ, ಸಾವಿರಾರು ಕಸಿ ಕಟ್ಟಿದ ಮನುಷ್ಯ ದಿನಾ ಬೆಳಿಗ್ಗೆ ಅದನ್ನು ಬಿಚ್ಚಿ ನೋಡಿ ಮತ್ತೆ ಸುತ್ತುತ್ತಿದ್ದರು. ನಾನೇ ಕಂಡೆ, ಕಂಡೂ ಸುಮ್ಮನಿದ್ದೆ. ಉಳಿದ ಕಸಿಗಳು ಚಿಗುರಿದವು, ಅದೊಂದು ಒಣಗಿತು. ಚೀಟಿಯನ್ನು ಮಾತ್ರ ಅವರು ಬಿಚ್ಚಲಿಲ್ಲ.

ಮುಂದಿನ ವರ್ಷ ಹೊಸ ಮಕ್ಕಳಿಗೆ ಅದೇ ಪಾಠ. ಟೇಪು ಸುತ್ತಿಸಿ ಮೇಷ್ಟ್ರು ಹೇಳಿದರು: "ಬಿಚ್ಚಿ ನೋಡ್ಬೇಕು ಅನ್ಸಿದ್ರೆ ಮೊದ್ಲು ನಂಗೊಂದು ಮಾತು ಹೇಳಿ. ಯಾಕೆ ಅಂತ ಕೇಳ್ತೀನಿ ಅಷ್ಟೆ. ಬೈಯಲ್ಲ."