ನಕಲಿ ಅಂಗಡಿ ಅದಾವ, ಮೋಸ ಹೋಗಬ್ಯಾಡ್ರಿ!

ತನ್ನ ಶವಯಾತ್ರೆಗೆ ಬಂದವರನ್ನು ತಾನೇ ‘ಬರ್ರಿ, ಬರ್ರಿ’ ಎಂದು ಕರೆದ ಮನುಷ್ಯನನ್ನು ನಾನು ನೋಡಿದ್ದು ಒಬ್ಬನನ್ನೇ. ಅವನು ನಮ್ಮ ಡೌನ್‌ಲೋಡ್ ಈರಣ್ಣ. ಹಣೆತುಂಬ ವಿಭೂತಿ ಬಳಿದು, ಹೆಣ ಹೊರುವ ಹೂವಿನ ವಿಮಾನದಲ್ಲಿ ಕೂರಿಸಿ, ಮುಂದೆ ಟಂಟಂ ಗಾಡಿಯ ಮೇಲೆ ಸ್ಪೀಕರ್ ಕಟ್ಟಿಕೊಂಡು ಕುಷ್ಟಗಿಯ ಓಣಿಯಲ್ಲಿ ಹೊರಟಿದ್ದೆವು. ಭಜನೆ ಹಾಕೋಣವೆಂದು ಯಾರೋ ಪೆನ್‌ಡ್ರೈವ್ ಚುಚ್ಚಿದರು. ಭಜನೆಗಿಂತ ಮೊದಲು ಈರಣ್ಣನೇ ಬಂದ. “ನಮಸ್ಕಾರ್ರೀಪಾ ಎಲ್ಲಾರಿಗೂ! ಬರ್ರಿ, ಬರ್ರಿ! ಕುಷ್ಟಗಿ ಬಸ್‌ಸ್ಟ್ಯಾಂಡ್ ಎದುರಿಗೆ, ಈರಣ್ಣನ ಡೌನ್‌ಲೋಡ್ ಅಂಗಡಿ! ನಕಲಿ ಅಂಗಡಿ ಅದಾವ, ಮೋಸ ಹೋಗಬ್ಯಾಡ್ರಿ!”

ವಿಮಾನ ಹೊತ್ತವರ ಹೆಗಲು ಕುಲುಕತೊಡಗಿದವು. ಅಳುತ್ತಿದ್ದ ಅವನ ಹೆಂಡತಿ ಶರಣವ್ವ ಸೆರಗನ್ನು ಬಾಯಿಗೆ ಒತ್ತಿಕೊಂಡು, “ಸತ್ರೂ ಬಾಯಿ ಮುಚ್ಚವಲ್ಲನಲ್ಲರಿ ಇಂವಾ!” ಅಂದಳು. ಅಷ್ಟೇ ಸಾಕಾಯಿತು. ಅಳುವವರು ನಕ್ಕರು, ನಗುವವರು ಅತ್ತರು, ಯಾರು ಏನು ಮಾಡುತ್ತಿದ್ದಾರೆ ಎಂಬುದೇ ತಿಳಿಯದಂತಾಯಿತು.

ನಾನು ಅವನ ಪಕ್ಕದ ಅಂಗಡಿಯವಳು, ಲೇಡೀಸ್ ಟೇಲರ್. ನನ್ನ ಮಿಷಿನ್ನಿಗೂ ಅವನ ಕಂಪ್ಯೂಟರಿಗೂ ನಡುವೆ ಇದ್ದದ್ದು ಒಂದು ಪ್ಲೈವುಡ್ ಹಲಗೆ. ಮನೆಮನೆಗೆ ನೆಟ್ಟು ಬರುವ ಮೊದಲಿನ ಮಾತು ಇದು. ಹಳ್ಳಿಯ ಮಂದಿ ಸಂತೆಗೆ ಬಂದವರು ಉಗುರಿನಷ್ಟು ಮೆಮರಿ ಕಾರ್ಡನ್ನು ಕೈವಸ್ತ್ರದ ತುದಿಗೆ ಗಂಟು ಹಾಕಿಕೊಂಡು ಬಂದು ಅವನ ಮುಂದೆ ಬಿಚ್ಚುತ್ತಿದ್ದರು. ಅವನು ಅದರ ತುಂಬ ಹಾಡು, ಸಿನಿಮಾ, ನಾಟಕ ತುಂಬಿ ಕೊಡುತ್ತಿದ್ದ. ಎಲ್ಲಿಂದ ತರುತ್ತಿದ್ದ? ಕದ್ದು ತರುತ್ತಿದ್ದ, ಮತ್ತೆಲ್ಲಿಂದ! ಪ್ರತಿ ಹಾಡಿನ ಮುಂದೆ ತನ್ನ ದನಿಯನ್ನು ಅಂಟಿಸಿ ಕಳಿಸುತ್ತಿದ್ದ. ಹನುಮಸಾಗರದ ಟ್ರ್ಯಾಕ್ಟರಿನಲ್ಲಿ, ತಾವರಗೇರಿಯ ಸೀಮಂತದಲ್ಲಿ, ಯಲಬುರ್ಗಿಯ ಚಹಾದಂಗಡಿಯಲ್ಲಿ, ಎಲ್ಲಿ ಹಾಡು ಹಚ್ಚಿದರೂ ಮೊದಲು ಈರಣ್ಣ, ಆಮೇಲೆ ದೇವರು. ಕಳ್ಳಮಾಲು ಮಾರುವವನೇ ನಕಲಿಯವರ ಬಗ್ಗೆ ಎಚ್ಚರಿಸುವ ಆ ಧಿಮಾಕಿಗೆ ನಾನು ದಿನವೂ ನಗುತ್ತಿದ್ದೆ.

ನಕ್ಕು ಸುಮ್ಮನಿರುವ ಜಾಯಮಾನ ನನ್ನದಲ್ಲ. ಒಂದು ದಿನ ಹಲಗೆ ಬಡಿದು ಕೇಳಿದೆ. “ಅಲ್ಲೋ ಈರಣ್ಣ, ಹಾಡು ಬರದಾಂವ ಒಬ್ಬ, ಹಾಡಿದಾಕಿ ಒಬ್ಬಾಕಿ, ಕುಂತು ತಿನ್ನಾಂವ ನೀನು. ನಾಚಿಕಿ ಬರಂಗಿಲ್ಲೇನು?”

“ಯಕ್ಕಾ,” ಹಲಗೆಯ ಆಚೆಯಿಂದ ಜೇನಿನಂಥ ದನಿ ಬಂತು, “ಮೊನ್ನಿ ಸಿನಿಮಾದಾಗಿನ ಹೀರೋಯಿನ್ ಬ್ಲೌಸ್ ನೋಡಿ ಇಡೀ ಊರಿಗೆ ಅದನ್ನ ಹೊಲ್ದಿಯಲ್ಲ, ಆ ಡಿಸೈನ್ ಮಾಡಿದಾಂವನ್ನ ಕೇಳಿದ್ಯೇನು?”

“ನಾ ಬಟ್ಟಿ ಕದ್ದಿಲ್ಲೋ! ನೋಡಿ ಹೊಲ್ದೀನಿ. ರಟ್ಟಿ ನಂದು, ಸೂಜಿ ನಂದು.”

“ಹಂಗಾರ ಕಂಪ್ಯೂಟರ್ ನಂದು, ಕರೆಂಟ್ ಬಿಲ್ಲೂ ನಂದು!”

ಬ್ಲೌಸ್ ನೋಡಿ ಹೊಲಿಯುವುದಕ್ಕೂ ಹಾಡನ್ನು ಇಡಿಯಾಗಿ ಎತ್ತಿಕೊಂಡು ಹೋಗುವುದಕ್ಕೂ ವ್ಯತ್ಯಾಸ ಇದ್ದೇ ಇದೆ. ಆದರೆ ಅದನ್ನು ಬಾಯಲ್ಲಿ ಹೇಳಲು ಬರುವಷ್ಟರಲ್ಲಿ ಅವನು ಚಹಾ ಕುಡಿಯಲು ಹೋಗಿಬಿಟ್ಟಿದ್ದ.

ಹಾಗೆಂದು ಅವನಿಗೆ ನೀತಿ ಇರಲಿಲ್ಲ ಎನ್ನುವಂತಿಲ್ಲ. ಊರಿನ ಟಾಕೀಸಿನಲ್ಲಿ ಓಡುತ್ತಿರುವ ಸಿನಿಮಾವನ್ನು ಅವನು ಯಾರು ಕೇಳಿದರೂ ತುಂಬುತ್ತಿರಲಿಲ್ಲ. “ಪೋಸ್ಟರ್ ಹರದ ಮ್ಯಾಲೆ ಬಾ,” ಎಂದು ಅಟ್ಟುತ್ತಿದ್ದ. “ಗೇಟಿನಾಂವ ಅದಾನ, ಮಂಡಕ್ಕಿ ಮಾರಾಕಿ ಅದಾಳ. ಅವರ ಒಲಿ ಆರಿಸಿ ನನ್ನ ಒಲಿ ಹೊತ್ತಿಸ್ಲೇನು?” ಎನ್ನುತ್ತಿದ್ದ. ಬೆಂಗಳೂರಿನಲ್ಲಿ ಹಾಡು ಬರೆದವನಿಗೂ ಒಂದು ಒಲೆ ಇರುತ್ತದಲ್ಲೋ ಎಂದರೆ ಕಿವಿ ಕೆರೆದುಕೊಳ್ಳುತ್ತಿದ್ದ. ಕಣ್ಣಿಗೆ ಕಾಣುವ ಒಲೆಯಷ್ಟೇ ಅವನಿಗೆ ಒಲೆ.

ಅಂಥವನ ಹೊಟ್ಟೆಗೇ ಒಂದು ದಿನ ಬೆಂಕಿ ಬಿತ್ತು. ಗಂಗಾವತಿಯ ಒಬ್ಬ ಅಂಗಡಿಯವನು ಈರಣ್ಣನ ಹಾಡುಗಳನ್ನೆಲ್ಲ ಗಂಟುಕಟ್ಟಿ ತೆಗೆದುಕೊಂಡು, ಮುಂದಿದ್ದ ಈರಣ್ಣನ ದನಿಯನ್ನು ಕತ್ತರಿಸಿ, ತನ್ನ ದನಿಯನ್ನು ಕೂರಿಸಿದ್ದ. “ಕಳ್ಳ ಸೂಳೆಮಗ!” ಎಂದು ಈರಣ್ಣ ಎಗರಾಡಿದ. ನಾನು ಲೈನಿಂಗ್ ಬಟ್ಟೆ ತರಲು ಹೇಗೂ ಗಂಗಾವತಿಗೆ ಹೋಗುವವಳಿದ್ದೆ, ಜೊತೆಗೆ ಹೋದೆ. ನಿಜ ಹೇಳಬೇಕೆಂದರೆ ಬಟ್ಟೆ ಮನೆಯಲ್ಲಿ ಬೇಕಾದಷ್ಟಿತ್ತು, ಆ ತಮಾಷೆ ತಪ್ಪಿಸಿಕೊಳ್ಳಲು ನನಗೆ ಮನಸ್ಸಿರಲಿಲ್ಲ.

ಗಂಗಾವತಿಯವನು ಬಹಳ ಸಾವಧಾನದ ಮನುಷ್ಯ. ಸ್ಟೂಲ್ ಒರೆಸಿ ಕೊಟ್ಟ, ಚಹಾ ತರಿಸಿದ.

“ಅಣ್ಣಾ, ಈ ಹಾಡು ನೀ ಹಾಡೀಯೇನು?”

“ಇಲ್ಲ.”

“ಬರದೀಯೇನು?”

“ಇಲ್ಲ.”

“ಮತ್ತ ನಾ ನಿಂದೇನು ಕದ್ದೀನಿ?”

“ನನ್ನ ಹೆಸರು!” ಈರಣ್ಣ ಕೂಗಿದ ರಭಸಕ್ಕೆ ಬೀದಿಯಲ್ಲಿ ಹೋಗುವವರು ನಿಂತು ನೋಡಿದರು. ಅವನ ಕಣ್ಣಲ್ಲಿ ನೀರು ಬಂದದ್ದನ್ನು ನಾನು ಅಂದೇ ಮೊದಲು ನೋಡಿದ್ದು. ತಿರುಗಿ ಬಸ್ಸು ಹತ್ತಿದೆವು. ಊರು ಹತ್ತಿರ ಬಂದಾಗ ಮೆಲ್ಲಗೆ ಹೇಳಿದ. “ಯಕ್ಕಾ, ಹೆಸರು ಕತ್ತರಿಸಿದ್ರ ಇಷ್ಟು ಉರಿತೈತಂತ ನನಗ ಗೊತ್ತಿರಲಿಲ್ಲ.”

ಅದಾದ ಕೆಲವು ದಿನಕ್ಕೆ ಹುಲಿಗೆವ್ವ ಬಂದಳು. ಬಂದದ್ದು ನನ್ನ ಅಂಗಡಿಗೆ, ಮೊಮ್ಮಗಳು ರೇಣುಕಾಳ ಮದುವೆಯ ಬ್ಲೌಸ್ ಹೊಲಿಸಲು. ಯಲಬುರ್ಗಿ ಕಡೆಯ ಹಳ್ಳಿಯವಳು. ಒಂದು ಕಾಲಕ್ಕೆ ಸುತ್ತಿನ ಊರುಗಳಲ್ಲಿ ಅವಳ ಸೋಬಾನವಿಲ್ಲದೆ ಮದುವೆಯೇ ಆಗುತ್ತಿರಲಿಲ್ಲವಂತೆ. ಈಗ ಗಂಟಲಿನ ಆಪರೇಷನ್ ಆಗಿ ದನಿ ಹೋಗಿಬಿಟ್ಟಿತ್ತು, ಪಿಸುಮಾತಷ್ಟೇ ಉಳಿದಿತ್ತು. “ಮದುವ್ಯಾಗ ಸುರಗಿ ನೀರು ಹಾಕುವಾಗ ನಾನಾ ಹಾಡ್ತೀನಿ ಅಂತ ಕೂಸು ತೊಟ್ಲಾಗಿದ್ದಾಗ ಮಾತು ಕೊಟ್ಟೀನವ್ವಾ. ಈಗ ಹ್ಯಾಂಗ?” ಎಂದಳು. ಹರೆಯದಲ್ಲಿ ಯಾವುದೋ ಕಂಪನಿಯವರು ಬಂದು ಅವಳ ಹಾಡುಗಳನ್ನು ಕ್ಯಾಸೆಟ್ ಮಾಡಿಕೊಂಡು, ಒಂದು ಸೀರೆ ಕೊಟ್ಟು ಹೋಗಿದ್ದರು. ಕ್ಯಾಸೆಟ್ಟಿನ ಹೊದಿಕೆಯ ಮೇಲೆ ಕೊಡ ಹೊತ್ತ ಯಾವಳೋ ಚೆಲುವೆಯ ಚಿತ್ರ. ಹುಲಿಗೆವ್ವನ ಹೆಸರು ಎಲ್ಲೂ ಇಲ್ಲ. ಅವಳ ಹತ್ತಿರವಿದ್ದ ಒಂದು ಪ್ರತಿಯನ್ನು ಇಲಿ ತಿಂದು ಮುಗಿಸಿತ್ತು.

ಹಲಗೆಯಾಚೆ ಎಲ್ಲ ಕೇಳಿಸಿಕೊಂಡಿದ್ದ ಈರಣ್ಣ ಎದ್ದು ಬಂದ. ಅಲ್ಲಿ ಇಲ್ಲಿ ವಿಚಾರಿಸಿ ಆ ಕಂಪನಿಯವರ ನಂಬರ್ ಹಿಡಿದು, ಸ್ಪೀಕರ್ ಹಾಕಿ ಫೋನ್ ಮಾಡಿದ. “ಅದು ಈಗ ಓಡಲ್ಲ ಸಾರ್, ಡಿಮ್ಯಾಂಡ್ ಇಲ್ಲ,” ಎಂದಿತು ಆ ಕಡೆಯ ದನಿ.

“ಇಲ್ಲಿ ಒಬ್ಬಾಕಿ ಕೇಳ್ತಾಳಲ್ಲರಿ. ಹಾಡಿದಾಕೀನಾ ಕೇಳ್ತಾಳ!”

“ಒಬ್ಬರಿಗೋಸ್ಕರ ಮಾಡೋಕಾಗಲ್ಲ ಸಾರ್. ದೊಡ್ಡ ಆರ್ಡರ್ ಇದ್ರೆ ಹೇಳಿ.”

“ಹಂಗಾರ ಎಲ್ಲಿಯರ ಸಿಕ್ರ ನಾವಾ ಒಂದು ಕಾಪಿ ಮಾಡ್ಕೊಳ್ಳೋಣೇನ್ರಿ?”

“ಹಾಗೆಲ್ಲ ಮಾಡೋ ಹಾಗಿಲ್ಲ. ಹಕ್ಕು ನಮ್ಮದು.”

ಫೋನ್ ಇಟ್ಟು ಈರಣ್ಣ ಸಿಟ್ಟಿನಿಂದ ಕುಣಿದಾಡಿಬಿಟ್ಟ. “ಮಾರಂಗಿಲ್ಲ, ಕೊಡಂಗಿಲ್ಲ, ಮುಟ್ಟಂಗಿಲ್ಲ! ಇದೇನು ಅಂಗಡಿಯೋ, ಗೋರಿಯೋ? ಒಬ್ಬಾಕಿ ಕೇಳಿದ್ರ ಕೇಳಿದಂಗಲ್ಲಂತ! ಬಜಾರಕ್ಕ ಕಿವಿ ಇಲ್ಲ ಯಕ್ಕಾ, ಬರೇ ಹೊಟ್ಟಿ ಐತಿ.” ಅವನ ಜೊತೆ ನಾನು ಜಗಳಾಡದೆ ಒಪ್ಪಿಕೊಂಡ ಮಾತು ಅದೊಂದೇ ಇರಬೇಕು.

ಮದುವೆ ಹತ್ತಿರ ಬರುತ್ತಿತ್ತು. ಕ್ಯಾಸೆಟ್ ಹುಡುಕುವುದೆಲ್ಲಿ? ಈರಣ್ಣ ತನ್ನ ಕಳ್ಳದಾರಿಯನ್ನೇ ಕೆಲಸಕ್ಕೆ ಹಚ್ಚಿದ. ಹಾಡಿನ ಮುಂದೆ ಬರುವ ತನ್ನ ಜಾಹೀರಾತನ್ನು ತೆಗೆದು ಹೊಸದನ್ನು ಕೂರಿಸಿದ. “ಕೊಡ ಹೊತ್ತ ಹುಡುಗಿ ಚಿತ್ರದ ಸೋಬಾನದ ಕ್ಯಾಸೆಟ್ ಯಾರ ಮನ್ಯಾಗರ ಇದ್ರ ಕುಷ್ಟಗಿ ಈರಣ್ಣನ ಅಂಗಡಿಗೆ ತರ್ರಿ, ಪುಣ್ಯಾ ಬರ್ತೈತಿ!” ಸಂತೆಯಿಂದ ಸಂತೆಗೆ, ಕಾರ್ಡಿನಿಂದ ಕಾರ್ಡಿಗೆ ಆ ಕೂಗು ಹರಿಯಿತು. ಕೊನೆಗೆ ಸಿದ್ದಾಪುರದಿಂದ ಭತ್ತದ ಲಾರಿಯ ಡ್ರೈವರ್ ಒಬ್ಬ ಸೀಟಿನಡಿಯಿಂದ ಅದನ್ನು ತೆಗೆದು ತಂದ. “ನಮ್ಮವ್ವಗ ಸೇರ್ತಿತ್ರಿ, ಅದಕ್ಕ ಒಗದಿದ್ದಿಲ್ಲ,” ಎಂದ. ಸಿಕ್ಕುಗಟ್ಟಿದ್ದ ಟೇಪನ್ನು ಈರಣ್ಣ ಪೆನ್ಸಿಲ್ ಚುಚ್ಚಿ, ಉಸಿರು ಬಿಗಿಹಿಡಿದು ಸುತ್ತಿದ.

“ಇದಕ್ಕ ನನ್ನ ದನಿ ಹಚ್ಚಂಗಿಲ್ಲ ಯಕ್ಕಾ, ಹುಲಿಗೆಮ್ಮ ದೇವಿ ಆಣಿ,” ಎಂದು ಪ್ರಮಾಣವನ್ನೂ ಮಾಡಿದ. ಪ್ರಮಾಣ ಮಾಡಿದ್ದು ಈರಣ್ಣ, ಕಂಪ್ಯೂಟರ್ ಅಲ್ಲವಲ್ಲ! ಯಾವ ಹಾಡು ಹೊರಗೆ ಹೋದರೂ ಮುಂದೆ ತನ್ನ ದನಿ ಅಂಟಬೇಕೆಂದು ಅದಕ್ಕೆ ಅವನೇ ಕಲಿಸಿಟ್ಟಿದ್ದ. ಕ್ಯಾಸೆಟ್ ಸಿಕ್ಕ ಖುಷಿಯಲ್ಲಿ ಹಳೆಯ ಜಾಹೀರಾತನ್ನು ಮತ್ತೆ ಕೂರಿಸಿದ್ದೂ ಅವನೇ.

ಸುರಗಿಯ ಹೊತ್ತು. ನಾಲ್ಕು ಮೂಲೆಗೆ ತಂಬಿಗೆ ಇಟ್ಟು, ದಾರ ಸುತ್ತಿ, ನಡುವೆ ಅರಿಷಿಣ ಹಚ್ಚಿಕೊಂಡ ವಧೂವರರನ್ನು ಕೂರಿಸಿದ್ದರು. ಮುತ್ತೈದೆಯರು ನೀರು ಎತ್ತಿದರು. ಹುಲಿಗೆವ್ವ ಕೈಮುಗಿದಳು. ಈರಣ್ಣ ಗಂಭೀರವಾಗಿ ಗುಂಡಿ ಒತ್ತಿದ.

“ನಮಸ್ಕಾರ್ರೀಪಾ ಎಲ್ಲಾರಿಗೂ! ಬರ್ರಿ, ಬರ್ರಿ!...”

ಒಬ್ಬಳ ಕೈಯ ತಂಬಿಗೆ ಜಾರಿ ನೀರೆಲ್ಲ ಸೋದರಮಾವನ ಹೊಸ ಪಂಚೆಯ ಮೇಲೆ! ಮದುಮಗ ಬಿದ್ದು ಬಿದ್ದು ನಕ್ಕ. “ಮೋಸ ಹೋಗಬ್ಯಾಡ್ರಿ” ಎಂದಾಗಲಂತೂ ಬೀಗರ ಕಡೆಯವರು ಮದುಮಗಳ ಮುಖವನ್ನು ಇನ್ನೊಮ್ಮೆ ನೋಡಿಕೊಂಡರು. ಈರಣ್ಣ ಬೆವೆತು ಗೋಡೆಗೆ ಅಂಟಿದ್ದ. ಆ ಗದ್ದಲದ ನಡುವೆ ಹಾಡು ಶುರುವಾಯಿತು. ಹರೆಯದ ಹುಲಿಗೆವ್ವನ ದನಿ, ಹೊಸ ಕಂಚಿನ ಹಾಗೆ. ಒಬ್ಬೊಬ್ಬರಾಗಿ ಸುಮ್ಮನಾದರು. ಮುದುಕಿ ದನಿಯಿಲ್ಲದ ತುಟಿಗಳನ್ನು ಹಾಡಿನ ಜೊತೆಗೇ ಅಲ್ಲಾಡಿಸುತ್ತ, ಮೊಮ್ಮಗಳ ತಲೆಯ ಮೇಲೆ ನೀರು ಹಾಕಿದಳು. ರೇಣುಕಾ ಅಳುತ್ತಿದ್ದಳು, ನಾನೂ ಅಳುತ್ತಿದ್ದೆ.

ಮುಗಿದ ಮೇಲೆ ಹುಲಿಗೆವ್ವ ಈರಣ್ಣನನ್ನು ಹತ್ತಿರ ಕರೆದು ಕಿವಿ ಹಿಡಿದಳು. “ಎಲಾ ಭಾಡ್ಯಾ, ಹಾಡಿದಾಕಿ ನಾನು, ಹೆಸರು ನಿಂದೇನೋ?”

ಸುತ್ತಲಿದ್ದವರೆಲ್ಲ ನಕ್ಕರು, ಈರಣ್ಣ ನಗಲಿಲ್ಲ. ಗಂಗಾವತಿಯ ಉರಿ ಅವನಿಗೆ ನೆನಪಾಗಿರಬೇಕು. ಮರುದಿನ ಅಂಗಡಿಯ ಬಾಗಿಲು ಹಾಕಿಕೊಂಡು ಹೊಸದಾಗಿ ಮಾತಾಡಿದ, ನಾನು ಹಲಗೆಯಾಚೆ ಮಿಷಿನ್ ನಿಲ್ಲಿಸಿ ಕೇಳಿದೆ. “ಈ ಹಾಡು ಹಾಡಿದಾಕಿ ಹುಲಿಗೆವ್ವ, ಯಲಬುರ್ಗಿ ತಾಲೂಕಿನಾಕಿ. ಕಾಪಿ ಮಾಡ್ರಿ, ಮಂದಿಗೆಲ್ಲಾ ಹಂಚ್ರಿ. ಹೆಸರು ಮಾತ್ರ ಕತ್ತರಿಸಬ್ಯಾಡ್ರಿ.” ಅದನ್ನು ಎಲ್ಲರಿಗೂ ಪುಕ್ಕಟೆ ಹಂಚಿದ.

“ನಿನ್ನ ಹೆಸರಾ ಬಂದಿಲ್ಲಲ್ಲೋ?” ಎಂದೆ.

“ಇದೊಂದರಾಗ ಬ್ಯಾಡ ಬಿಡು ಯಕ್ಕಾ. ಅಕೀ ಮುಂದ ನಂದೇನು?”

ಆಮೇಲೆ ನೆಟ್ಟು ಅಗ್ಗವಾಯಿತು, ಕಾರ್ಡಿನ ಗಂಟು ಬಿಚ್ಚುವವರು ಇಲ್ಲವಾದರು. ಈರಣ್ಣ ಮೊಬೈಲ್ ಕವರ್, ಚಾರ್ಜರ್ ಮಾರುತ್ತ ಕೂತ. ಕೊನೆಯ ಸಲ ನನ್ನ ಅಂಗಡಿಗೆ ಬಂದದ್ದು ಪ್ಯಾಂಟಿನ ಜಿಪ್ ಹಾಕಿಸಲು. “ಇದು ಲೇಡೀಸ್ ಟೇಲರ್ ಅಂಗಡಿ, ಬೋರ್ಡ್ ಓದಾಕ ಬರಂಗಿಲ್ಲೇನು?” ಎಂದು ಬೈದೆ. “ಜೆಂಟ್ಸ್ ಟೇಲರ್ ನೋಡಿ ಕಾಪಿ ಮಾಡು ಯಕ್ಕಾ, ನಾ ಯಾರಿಗೂ ಹೇಳಂಗಿಲ್ಲ,” ಎಂದು ಕಣ್ಣು ಮಿಟುಕಿಸಿದ. ಹೊಲಿದು ಇಟ್ಟೆ. ಒಯ್ಯಲು ಬರಲಿಲ್ಲ. ಎದೆನೋವೆಂದು ಕೂತವನು ಏಳಲೇ ಇಲ್ಲ.

ಮೊನ್ನೆ ಗಂಗಾವತಿಯಿಂದ ಕೊಪ್ಪಳಕ್ಕೆ ಬಸ್ಸಿನಲ್ಲಿ ಹೋಗುತ್ತಿದ್ದೆ. ಪಕ್ಕದ ಹುಡುಗಿಯ ಮೊಬೈಲಿನಲ್ಲಿ ಆ ದನಿ ಬಂತು. ಹಾಡಿದಾಕಿ ಹುಲಿಗೆವ್ವ... ಹೆಸರು ಮಾತ್ರ ಕತ್ತರಿಸಬ್ಯಾಡ್ರಿ... ಯಾರೂ ಕತ್ತರಿಸಿರಲಿಲ್ಲ.

“ಎಲ್ಲಿಂದ ಬಂತವ್ವಾ ಇದು?” ಎಂದೆ.

“ಗೊತ್ತಿಲ್ಲರಿ ಆಂಟಿ, ಯಾರೋ ಕಳಿಸ್ಯಾರ. ಹಾಡು ಭಾಳ ಛಲೋ ಐತಿ. ಆದ್ರ ಮುಂದ ಮಾತಾಡಿದಾಂವ ತನ್ನ ಹೆಸರಾ ಹೇಳಿಲ್ಲ ನೋಡ್ರಿ.”

ನನಗೆ ಏನಾಯಿತೋ, ಓಡುವ ಬಸ್ಸಿನಲ್ಲಿ ಎದ್ದು ನಿಂತುಬಿಟ್ಟೆ. “ಈರಣ್ಣ! ಕುಷ್ಟಗಿ ಬಸ್‌ಸ್ಟ್ಯಾಂಡ್ ಎದುರಿಗೆ, ಈರಣ್ಣನ ಡೌನ್‌ಲೋಡ್ ಅಂಗಡಿ!” ಬಸ್ಸಿನವರೆಲ್ಲ ತಿರುಗಿ ನೋಡಿದರು. ಕಂಡಕ್ಟರ್ ಓಡಿ ಬಂದ. “ಈ ಬಸ್ ಕುಷ್ಟಗಿಗೆ ಹೋಗಂಗಿಲ್ಲ ಯಕ್ಕಾ, ಕುಂದರ್ರಿ.”

“ಗೊತ್ತೈತ್ರೀಪಾ,” ಎಂದೆ. ಕಣ್ಣೊರೆಸಿಕೊಂಡೆ. ಅರ್ಧಕ್ಕೆ ಬಿಟ್ಟರೆ ಅವನು ಸುಮ್ಮನಿರುವವನಲ್ಲ ಎನ್ನಿಸಿ ಉಳಿದದ್ದನ್ನೂ ಹೇಳಿ ಕೂತೆ. “ನಕಲಿ ಅಂಗಡಿ ಅದಾವ, ಮೋಸ ಹೋಗಬ್ಯಾಡ್ರಿ!”